ಹೇಳಿ ಮಾಡಿಸಿದ ಚಿತ್ರಗಳು

ಕೇಳುಗರಿಗೆ ನಮಸ್ಕಾರ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಅಧಿಕೃತ ಪೋಸ್ಟರನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ನೋಡದವರಿಗಾಗಿ ಅದರಲ್ಲಿ ಏನಿದೆ ಎಂದು ಹೇಳುತ್ತೇನೆ. ಇಡೀ ನಗರವೇ ಒಂದು ದೊಡ್ಡ ಕ್ರೀಡಾಂಗಣವಾಗಿದೆ. ಐಫೆಲ್ ಗೋಪುರ ಅದರೊಳಗೇ ಎದ್ದು ನಿಂತಿದೆ. ಆರ್ಕ್ ದ ಟ್ರಯೋಂಫ್ ಎಂಬ ಹೆಸರಾಂತ ವಿಜಯದ ಕಮಾನಿನೊಳಗಿಂದ ಮೆಟ್ರೊ ರೈಲು ನುಗ್ಗಿ ಹೋಗುತ್ತಿದೆ. ಒಂದು ಕಡೆ ಕಡಲು, ಅಲೆ, ಹಾಯಿದೋಣಿ. ಉಳಿದಲ್ಲೆಲ್ಲ ಜನವೋ ಜನ. ಬರೆದವರು ಫ್ರಾನ್ಸಿನ ಚಿತ್ರಕಾರ ಉಗೊ ಗಟೋನಿ. ಸುಮಾರು 40,000 ಪುಟ್ಟ ಪುಟ್ಟ ಮನುಷ್ಯರು, 47 ಕ್ರೀಡೆಗಳು, ಒಟ್ಟು 2,000 ಗಂಟೆಗಳ ಕೆಲಸ.

ಇದು ಕಲಾವಿದರು ತಮ್ಮಷ್ಟಕ್ಕೆ ತಾವು ಕೂತು ಬರೆದ ಚಿತ್ರವಲ್ಲ, ಕೇಳಿ ಬರೆಸಿದ್ದು. ಹೀಗೆ ಬರೆಸಿದ ಚಿತ್ರ ಎಂದ ಕೂಡಲೇ ಕೆಲವರ ಮನಸ್ಸಿನಲ್ಲಿ ಅದರ ಬೆಲೆ ಒಂದು ಮೆಟ್ಟಿಲು ಇಳಿದುಬಿಡುತ್ತದೆ. ಸ್ವಂತಕ್ಕೆ ಬರೆದದ್ದು ಕಲೆ, ದುಡ್ಡು ಕೊಟ್ಟು ಬರೆಸಿದ್ದು ಬರೀ ಕೆಲಸ ಎನ್ನುವ ಲೆಕ್ಕ ಅದು. ನಾನು ಅದನ್ನು ಒಪ್ಪುವುದಿಲ್ಲ.

ಒಲಿಂಪಿಕ್ಸ್‌ಗೊಂದು, ಪ್ಯಾರಾಲಿಂಪಿಕ್ಸ್‌ಗೊಂದು, ಹೀಗೆ ಎರಡು ಪೋಸ್ಟರ್. ಪಕ್ಕಪಕ್ಕದಲ್ಲಿಟ್ಟರೆ ಒಂದೇ ಚಿತ್ರ. ಬಿಡಿಯಾಗಿ ತೂಗುಹಾಕಿದರೂ ಯಾವುದೂ ಅರ್ಧಂಬರ್ಧ ಅನ್ನಿಸಕೂಡದು. ಎರಡೂ ಕೂಡುವ ಆ ಒಂದು ಗೆರೆಯ ಬಗ್ಗೆ ಸ್ವಲ್ಪ ಯೋಚಿಸಿ. ಅಲ್ಲಿ ಯಾವ ಕಟ್ಟಡ ಬರಬೇಕು? ಯಾವುದು ಈಚೆಗೇ ನಿಲ್ಲಬೇಕು? ಕಣ್ಣು ಎಲ್ಲಿಂದ ಆಚೆ ದಾಟಬೇಕು? ಇವಕ್ಕೆಲ್ಲ ಉತ್ತರ ಕಂಡುಕೊಳ್ಳಬೇಕಾದವರು ಪೆನ್ಸಿಲ್ ಹಿಡಿದವರೇ. ಉಂಗುರಗಳು ಕಾಣಬೇಕು, ಆಟಗಳು ಕಾಣಬೇಕು ಎನ್ನುವುದು ಸಂಘಟಕರ ಪಟ್ಟಿ. ಕೂಟದ ಲಾಂಛನ ಗೊಂಬೆಯನ್ನು ಆ ಜನಜಂಗುಳಿಯ ನಡುವೆ ಎಂಟು ಕಡೆ ಅಡಗಿಸಿಟ್ಟು, ನೋಡುವವರನ್ನು ಹುಡುಕಾಟಕ್ಕೆ ಹಚ್ಚುವುದು ಮಾತ್ರ ಚಿತ್ರಕಾರನ ಚಾತುರ್ಯ.

ಪ್ಯಾರಿಸ್ಸಿನ ಹೆಸರಾಂತ ಕಟ್ಟಡವಾದ ಇನ್ವಾಲಿದ್‌ನ ಗುಮ್ಮಟದ ತುದಿಯಲ್ಲಿರುವ ಶಿಲುಬೆ ಚಿತ್ರದಲ್ಲಿ ಇಲ್ಲವೆಂದು ಫ್ರಾನ್ಸಿನಲ್ಲಿ ಗದ್ದಲವೂ ಎದ್ದಿತು. ಕಟ್ಟಡಗಳನ್ನು ಇದ್ದದ್ದು ಇದ್ದ ಹಾಗೆ ಬರೆಯುವುದು ಉದ್ದೇಶವಾಗಿರಲಿಲ್ಲ ಎಂಬ ಉತ್ತರ ಬಂತು. ಬರೆಸಿದ ಚಿತ್ರಕ್ಕೆ ಇಂಥ ಹೊರೆಯೂ ಇರುತ್ತದೆ. ಅದು ಸಾರ್ವಜನಿಕರ ಸ್ವತ್ತು ಎಂಬ ಭಾವನೆ ಮೊದಲ ದಿನವೇ ಹುಟ್ಟಿಬಿಡುತ್ತದೆ.

ಈ ಕೆಲಸ ಸಾಮಾನ್ಯವಾಗಿ ಸಾಗುವ ಬಗೆ ಹೀಗೆ. ಮೊದಲು ಬ್ರೀಫ್, ಅಂದರೆ ಏನು ಬೇಕು, ಯಾರಿಗೆ ಬೇಕು, ಯಾವ ಅಳತೆಯಲ್ಲಿ, ಯಾವಾಗ ಎಂಬ ವಿವರ. ಆಮೇಲೆ ಬೆರಳುಗುರಿನಷ್ಟು ಚಿಕ್ಕ ಚಿಕ್ಕ ರಫ್ ಸ್ಕೆಚ್‌ಗಳು. ಅವುಗಳಲ್ಲಿ ಒಂದು ಒಪ್ಪಿಗೆಯಾದರೆ ದೊಡ್ಡ ಸ್ಕೆಚ್, ನಂತರ ಬಣ್ಣ. ತಿದ್ದುಪಡಿ ಏನಿದ್ದರೂ ಸ್ಕೆಚ್ ಹಂತದಲ್ಲೇ ಮುಗಿಯಬೇಕು. ಎಷ್ಟು ಸುತ್ತು ಎಂಬುದನ್ನು ಒಪ್ಪಂದದಲ್ಲಿ ಮೊದಲೇ ಬರೆದುಕೊಳ್ಳುವುದು ಇದಕ್ಕಾಗಿಯೇ. ಬಣ್ಣ ಮುಗಿದ ಮೇಲೆ, "ಈ ಹುಡುಗಿ ಎಡಕ್ಕೆ ನೋಡಿದ್ದರೆ ಚೆನ್ನಾಗಿತ್ತು" ಎಂದು ಸುಲಭವಾಗಿ ಹೇಳಿಬಿಡಬಹುದು. ಮುಖ ತಿರುಗಿದರೆ ಹೆಗಲು ತಿರುಗುತ್ತದೆ, ಬೆಳಕು ಬೀಳುವ ಬದಿ ಬದಲಾಗುತ್ತದೆ, ಹಿಂದಿನ ನೆರಳನ್ನೂ ಮತ್ತೆ ಬರೆಯಬೇಕಾಗುತ್ತದೆ.

ಅನಿಮೇಷನ್‌ನಲ್ಲಂತೂ ಈ ಕಷ್ಟ ನೂರು ಪಟ್ಟು. ಸಿನಿಮಾದ ಒಂದು ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಎರಡೂವರೆ ನಿಮಿಷಕ್ಕೆ 3,600. ಅದಕ್ಕೇ ಮೊದಲು ಸ್ಟೋರಿಬೋರ್ಡ್, ಅಂದರೆ ಕಥೆಯನ್ನು ಒಂದೊಂದೇ ಶಾಟ್ ಆಗಿ ತೋರಿಸುವ ಚಿತ್ರಗಳ ಸಾಲು ಬರೆದು, ಅದಕ್ಕೆ ಧ್ವನಿ ಸೇರಿಸಿ, ಅನಿಮ್ಯಾಟಿಕ್ ಎಂಬ ಕಚ್ಚಾ ರೂಪ ಮಾಡಿ ಒಪ್ಪಿಗೆ ಪಡೆಯುತ್ತಾರೆ. ಅಲ್ಲಿ ಒಂದು ಶಾಟ್ ತೆಗೆದರೆ ನಷ್ಟ ಸ್ವಲ್ಪವೇ. ಎಲ್ಲ ಮುಗಿದ ಮೇಲೆ ತೆಗೆದರೆ ಹಲವರ ವಾರಗಟ್ಟಲೆಯ ದುಡಿಮೆ ಕಸದ ಬುಟ್ಟಿಗೆ.

ಎರಡೂವರೆ ನಿಮಿಷ ಎಂದದ್ದಕ್ಕೆ ಕಾರಣವಿದೆ. 2025ರ ಕ್ರಿಸ್‌ಮಸ್ ಹೊತ್ತಿಗೆ ಇಂಟರ್‌ಮಾರ್ಶೆ ಎಂಬ ಫ್ರಾನ್ಸಿನ ಸೂಪರ್‌ಮಾರ್ಕೆಟ್ ಸಂಸ್ಥೆ ಮಾಡಿಸಿದ ಜಾಹೀರಾತಿನ ಉದ್ದ ಹೆಚ್ಚುಕಡಿಮೆ ಅಷ್ಟೇ. ಅನಿಮೇಷನ್ ಮಾಡಿದ್ದು ಇಲ್ಲೊಜಿಕ್ ಸ್ಟುಡಿಯೋಸ್. ಎಲ್ಲರೂ ಹೆದರಿ ದೂರವಿಟ್ಟ ತೋಳವೊಂದು ಮಾಂಸ ಬಿಟ್ಟು ತರಕಾರಿ ಅಡುಗೆ ಕಲಿತು, ಕಾಡಿನ ಪ್ರಾಣಿಗಳ ಜೊತೆ ಒಂದೇ ಮೇಜಿಗೆ ಕೂರುವ ಕಥೆ. ಅಂಗಡಿಗೆ ಬೇಕಾದದ್ದು ತರಕಾರಿ ಮಾರಾಟ. ಆ ತರಕಾರಿಯೇ ಕಥೆಯ ಜೀವವಾದ್ದರಿಂದ, ಸರಕನ್ನು ಎತ್ತಿ ಹಿಡಿದು ತೋರಿಸುವ ಅಗತ್ಯವೇ ಬರಲಿಲ್ಲ. ಇನ್ನು ಅನಿಮೇಟರ್‌ಗಳ ಮುಂದಿದ್ದ ಸಮಸ್ಯೆ ನೋಡಿ: ಮೊದಲು ಹೆದರಿಸಬೇಕಾದದ್ದೂ ಅದೇ ಪ್ರಾಣಿ, ಕೊನೆಗೆ ಪ್ರೀತಿ ಹುಟ್ಟಿಸಬೇಕಾದದ್ದೂ ಅದೇ ಪ್ರಾಣಿ. ಹಲ್ಲನ್ನು ಬದಲಿಸುವಂತಿಲ್ಲ, ಮೂತಿಯನ್ನೂ ಬದಲಿಸುವಂತಿಲ್ಲ. ಉಳಿಯುವುದು ಕಿವಿ ಬಾಗುವ ರೀತಿ, ಹೆಗಲು ಕುಗ್ಗುವ ರೀತಿ, ಹೆಜ್ಜೆ ಇಡುವ ಮುನ್ನ ತಡೆದು ನಿಲ್ಲುವ ಒಂದು ಕ್ಷಣ. ನಟನಿಗಿರಬೇಕಾದ ಸೂಕ್ಷ್ಮವೇ ಇದು. ಈ ಜಾಹೀರಾತು ದೇಶದೇಶ ಸುತ್ತಿತು, ಎಐ ಬಳಸದೆ ಮಾಡಿದ್ದು ಎಂಬ ಕಾರಣಕ್ಕೂ ಜನ ಅದನ್ನು ಕೊಂಡಾಡಿದರು.

ಅದಕ್ಕೆ ಹಿನ್ನೆಲೆಯೂ ಇತ್ತು. 1995ರ ತನ್ನ ಕ್ರಿಸ್‌ಮಸ್ ಲಾರಿಗಳ ಜಾಹೀರಾತನ್ನು ಕೋಕಾ-ಕೋಲಾ 2024ರಲ್ಲಿ ಎಐಯಿಂದ ಹೊಸದಾಗಿ ಮಾಡಿಸಿದಾಗ ಕಲಾವಿದರು ಕಟುವಾಗಿ ಟೀಕಿಸಿದ್ದರು. ಈಗ ಹಲವು ಚಿತ್ರಕಾರರು, ತಮ್ಮ ಚಿತ್ರವನ್ನು ಎಐ ತರಬೇತಿಗೆ ಬಳಸಬಾರದೆಂಬ ಷರತ್ತನ್ನು ಒಪ್ಪಂದದಲ್ಲಿ ಸೇರಿಸುತ್ತಿದ್ದಾರೆ. ಸೇರಿಸಲೇಬೇಕು ಎನ್ನುವವನು ನಾನು. ಎಷ್ಟೋ ಸಲ ಚಿತ್ರಕಾರರು ಕೊಡುವುದು ಚಿತ್ರದ ಒಡೆತನವನ್ನಲ್ಲ, ಇಂಥ ಕಡೆ, ಇಷ್ಟು ಕಾಲ ಬಳಸುವ ಹಕ್ಕನ್ನು ಮಾತ್ರ. ಪತ್ರಿಕೆಗೆಂದು ಬರೆದದ್ದನ್ನು ಅಂಗಿಯ ಮೇಲೆ ಅಚ್ಚು ಹಾಕಬೇಕಾದರೆ ಮತ್ತೆ ಕೇಳಬೇಕು, ಮತ್ತೆ ಹಣ ಕೊಡಬೇಕು.

ಕೊನೆಯದಾಗಿ ಹೆಸರಿನ ವಿಚಾರ. ಮಕ್ಕಳ ಪುಸ್ತಕಗಳ ಚಿತ್ರಕಾರ್ತಿ ಸಾರಾ ಮೆಕಿಂಟೈರ್ ಬ್ರಿಟನ್ನಿನಲ್ಲಿ ಇದಕ್ಕಾಗಿಯೇ ಒಂದು ಅಭಿಯಾನ ನಡೆಸಿದರು: ಮುಖಪುಟದಲ್ಲಿ, ವಿಮರ್ಶೆಯಲ್ಲಿ, ಪುಸ್ತಕ ಮಾರಾಟದ ದಾಖಲೆಗಳಲ್ಲಿ ಲೇಖಕರ ಜೊತೆಗೆ ಚಿತ್ರಕಾರರ ಹೆಸರೂ ಇರಲಿ ಎಂದು. ಜಾಹೀರಾತಿನ ಮೂವತ್ತು ಸೆಕೆಂಡಿನಲ್ಲಿ ಹೆಸರುಗಳಿಗೆ ಜಾಗವಿಲ್ಲ, ಅದು ನಿಜ. ಆದರೆ ಅದನ್ನೇ ಅಂತರ್ಜಾಲಕ್ಕೆ ಹಾಕುವಾಗ ಕೆಳಗಿನ ವಿವರದಲ್ಲಿ ಬೇಕಾದಷ್ಟು ಜಾಗವಿರುತ್ತದೆ. ಅಲ್ಲೂ ಹೆಸರು ಬಿಟ್ಟರೆ, ಅದಕ್ಕೆ ಕೊಡುವ ಯಾವ ನೆಪವನ್ನೂ ನಾನು ಒಪ್ಪಲಾರೆ.

ನಮಸ್ಕಾರ.