ಕಲ್ಲಿದ್ದಲು ಸುರಿಯದ ಟಿಪ್ಲರ್ ನನಗೆ ಬೇಡ

ನಮಸ್ಕಾರ. ಮಾದರಿ ರೈಲು ಕಟ್ಟುವ ಗೆಳೆಯರೊಂದಿಗೆ ಇವತ್ತು ಒಂದು ಜಗಳ ತೆಗೆಯುತ್ತೇನೆ. ಪ್ರೀತಿಯಿಂದಲೇ ತೆಗೆಯುತ್ತೇನೆ, ಆದರೆ ಬಿಟ್ಟುಕೊಡುವುದಿಲ್ಲ.

ನಾವು ಎಂಜಿನ್ನಿನ ಬಣ್ಣಕ್ಕೆ, ನಂಬರಿಗೆ, ಹಾರನ್ನಿಗೆ ಎಷ್ಟೊಂದು ತಲೆ ಕೆಡಿಸಿಕೊಳ್ಳುತ್ತೇವೆ! ಆ ಗಾಡಿ ಯಾವ ಕೆಲಸಕ್ಕಾಗಿ ಓಡುತ್ತಿದೆ ಎಂಬುದನ್ನು ಮಾತ್ರ ಕೇಳುವುದಿಲ್ಲ. ಕಲ್ಲಿದ್ದಲಿನ ರೇಕ್, ಅಂದರೆ ವ್ಯಾಗನ್ನುಗಳ ಇಡೀ ಸಾಲು, ಮೇಜಿನ ಸುತ್ತ ಸುತ್ತುತ್ತಲೇ ಇರುತ್ತದೆ, ಎಲ್ಲಿಯೂ ಖಾಲಿಯಾಗುವುದಿಲ್ಲ. ವ್ಯಾಗನ್ನಿನೊಳಗೆ ಅಂಟಿಸಿದ ಕಪ್ಪು ಹೊರೆಯ ಬಗ್ಗೆ ನನಗೆ ತಕರಾರಿಲ್ಲ, ನೋಡಲು ಚೆನ್ನಾಗಿಯೇ ಇರುತ್ತದೆ. ನನ್ನ ತಕರಾರು, ‘ಕೆಲಸ ಮಾಡುವ ಯಂತ್ರ’ ಎಂದು ಹೇಳಿಕೊಂಡು ಕ್ಯಾಮೆರಾದ ಮುಂದೆ ಒಮ್ಮೆ ತಿರುಗಿ, ಆಮೇಲೆ ಸುಮ್ಮನೆ ನಿಂತುಬಿಡುವ ಯಂತ್ರಗಳ ಮೇಲೆ. ಹೊರೆ ಹೊತ್ತು, ಕೈ ಸೋಕದೆ, ಒಂದು ಇಡೀ ರೇಕನ್ನು ಖಾಲಿ ಮಾಡಿದ ಮೇಲೆಯೇ ಯಂತ್ರಕ್ಕೆ ಲೇಔಟಿನ (ಮೇಜಿನ ಮೇಲೆ ಕಟ್ಟಿದ ಮಾದರಿ ರೈಲುದಾರಿಯ) ಮೇಲೆ ಜಾಗ ಕೊಡಬೇಕು ಎಂಬುದು ನನ್ನ ಹಟ.

ಉದಾಹರಣೆಗೆ ವ್ಯಾಗನ್ ಟಿಪ್ಲರನ್ನೇ ತೆಗೆದುಕೊಳ್ಳೋಣ. ರಾಯಚೂರಿನ ಶಕ್ತಿನಗರದ ಶಾಖೋತ್ಪನ್ನ ಸ್ಥಾವರದಂಥ ಜಾಗಕ್ಕೆ, ಅಂದರೆ 1,720 ಮೆಗಾವಾಟ್ ಸಾಮರ್ಥ್ಯದ ಸ್ಥಾವರಕ್ಕೆ, ರೇಕ್‌ಗಟ್ಟಲೆ ಕಲ್ಲಿದ್ದಲು ಬೇಕು. ಕಲ್ಲಿದ್ದಲು ಸಾಗಿಸುವ, ಮೇಲ್ಭಾಗ ತೆರೆದಿರುವ ನಮ್ಮ ಬಾಕ್ಸ್‌ಎನ್ ವ್ಯಾಗನ್ನಿಗೆ ತಳದಲ್ಲಿ ಬಾಗಿಲಿಲ್ಲ. ಆದ್ದರಿಂದ ವ್ಯಾಗನ್ನನ್ನು ಹಳಿಯ ಸಮೇತ ಬಿಗಿಯಾಗಿ ಹಿಡಿದು, ಮಗುಚಿ, ಕೆಳಗಿನ ಹಾಪರಿಗೆ (ಆಲಿಕೆಯಂಥ ತೊಟ್ಟಿಗೆ) ಸುರಿಯುವ ಯಂತ್ರ ಬೇಕಾಗುತ್ತದೆ. ಅಮೆರಿಕದಲ್ಲಿ ತಿರುಗುವ ಕಪ್ಲರುಗಳಿರುವ (ಗಾಡಿಗಳನ್ನು ಜೋಡಿಸುವ ಕೊಂಡಿಗಳಿರುವ) ಕಲ್ಲಿದ್ದಲು ಗಾಡಿಗಳಿವೆ, ಅವುಗಳನ್ನು ಬಿಡಿಸದೆಯೇ ಮಗುಚಬಹುದು. ನಮ್ಮ ವ್ಯಾಗನ್ನುಗಳನ್ನು ಒಂದೊಂದಾಗಿ ಬಿಡಿಸಿ, ಟಿಪ್ಲರಿನ ಮೇಜಿನ ಮೇಲೆ ತಂದು ನಿಲ್ಲಿಸಿ ಮಗುಚಬೇಕು. ಮಾದರಿ ಕಟ್ಟುವವನಿಗೆ ಇಲ್ಲಿಂದಲೇ ಕಷ್ಟ ಶುರುವಾಗುತ್ತದೆ, ನನಗಂತೂ ಇಲ್ಲಿಂದಲೇ ಸಂತೋಷವೂ ಶುರುವಾಗುತ್ತದೆ.

ಮೊದಲು ತೂಕದ ಲೆಕ್ಕ. ಮಾದರಿ ರೈಲಿನ ಎಚ್‌ಓ ಅಳತೆ ಎಂದರೆ ನಿಜವಾದ ಗಾಡಿಯ 87ರಲ್ಲಿ ಒಂದು ಪಾಲು. ಉದ್ದ 87 ಪಟ್ಟು ಕಡಿಮೆಯಾದರೆ ಗಾತ್ರ ಆರೂವರೆ ಲಕ್ಷ ಪಟ್ಟಿಗಿಂತ ಹೆಚ್ಚು ಕಡಿಮೆಯಾಗುತ್ತದೆ. ಸುಮಾರು 60 ಟನ್ ಹೊರೆ ನಮ್ಮ ಮೇಜಿನ ಮೇಲೆ ಸುಮಾರು 90 ಗ್ರಾಂ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಇದ್ದಿಲಿನ ಹರಳು ನೋಡಲು ಕಲ್ಲಿದ್ದಲಿನಂತೆಯೇ ಇರುತ್ತದೆ, ಆದರೆ ವ್ಯಾಗನ್ ತುಂಬಿದರೂ ತೂಕ ಅದರ ಅರ್ಧದಷ್ಟೇ. ಅದನ್ನು ಮಾತ್ರ ಹಾಕಿ ಪರೀಕ್ಷಿಸಿದರೆ ಮೋಟಾರಿನ ನಿಜವಾದ ಶಕ್ತಿ ತಿಳಿಯುವುದಿಲ್ಲ. ಅದೇ ವ್ಯಾಗನ್ನಿಗೆ ಎಂ-ಸ್ಯಾಂಡ್ ತುಂಬಿ ಮಗುಚಿ ನೋಡಿ. ತೂಕ ಸುಮಾರು ಮೂರು ಪಟ್ಟಾಗುತ್ತದೆ. ಗೇರು ಜಾರುವುದು, ಚೌಕಟ್ಟು ತಿರುಚುವುದು, ಹಿಡಿತ ಸಡಿಲವಾಗುವುದು ಎಲ್ಲವೂ ಆಗಲೇ ಹೊರಬೀಳುತ್ತದೆ. ಹೊರಬೀಳಲಿ! ಬೆಂಚಿನ ಮೇಲೆ ಮುರಿದದ್ದನ್ನು ಒಂದು ಸಂಜೆಯಲ್ಲಿ ಸರಿಪಡಿಸಬಹುದು. ಗುಡ್ಡ, ಕಟ್ಟಡ, ಹುಲ್ಲು ಎಲ್ಲ ಅಂಟಿಸಿದ ಮೇಲೆ ಮುರಿದರೆ ಅದನ್ನು ಬಿಚ್ಚಲು ಯಾರಿಗೂ ಮನಸ್ಸು ಬರುವುದಿಲ್ಲ.

ಪರೀಕ್ಷೆಗೆ ಅಡುಗೆಮನೆಯಿಂದ ರಾಗಿ ತರುವವರಿದ್ದಾರೆ. ದಯವಿಟ್ಟು ಅದನ್ನು ನಂಬಬೇಡಿ. ರಾಗಿ ಗುಂಡಗಿದೆ, ನುಣುಪಾಗಿದೆ, ಯಾವ ಹಾಪರಿನಲ್ಲಾದರೂ ನೀರಿನಂತೆ ಇಳಿದುಹೋಗುತ್ತದೆ. ಇದ್ದಿಲಿನ ಹರಳಿಗೆ ಮೂಲೆಗಳಿವೆ. ಅವು ಒಂದಕ್ಕೊಂದು ಸಿಕ್ಕಿಕೊಂಡು ಹಾಪರಿನ ಬಾಯಿಯ ಮೇಲೆ ಕಮಾನು ಕಟ್ಟುತ್ತವೆ, ಮೇಲೆ ಎಷ್ಟೇ ತುಂಬಿದ್ದರೂ ಕೆಳಗೆ ಒಂದು ಹರಳೂ ಬೀಳುವುದಿಲ್ಲ. ಬಾಯಿಯ ಅಗಲ ಹರಳಿನ ಗಾತ್ರದ ಐದಾರು ಪಟ್ಟಿಗಿಂತ ಹೆಚ್ಚಿರಲಿ. ಹಾಪರಿನ ಗೋಡೆ 55-60 ಡಿಗ್ರಿಯಷ್ಟು ಕಡಿದಾಗಿರಲಿ. ಮಳೆಗಾಲದಲ್ಲಿ ಇದ್ದಿಲು ತೇವ ಹೀರುತ್ತದೆ, ಬೇಸಿಗೆಯಲ್ಲಿ ಸ್ಥಾಯಿ ವಿದ್ಯುತ್ತಿನಿಂದ ಪುಡಿ ಪ್ಲಾಸ್ಟಿಕ್ ಗೋಡೆಗೆ ಹಿಡಿದುಕೊಳ್ಳುತ್ತದೆ. ಹಳೆಯ ಮೊಬೈಲಿನ ಕಂಪಿಸುವ ಮೋಟಾರನ್ನು ಗೋಡೆಯ ಹಿಂಭಾಗಕ್ಕೆ ಅಂಟಿಸಿದರೆ ಬಹುಪಾಲು ಪರಿಹಾರವಾಗುತ್ತದೆ. ನಿಜವಾದ ಸ್ಥಾವರಗಳಲ್ಲೂ ಮಳೆಗಾಲದ ಒದ್ದೆ ಕಲ್ಲಿದ್ದಲು ದೊಡ್ಡ ತಲೆನೋವು, ಅಲ್ಲಿಯೂ ಹಾಪರಿಗೆ ವೈಬ್ರೇಟರ್ ಹಾಕುತ್ತಾರೆ. ಅಲ್ಲಿನ ಎಂಜಿನಿಯರರು ಎದುರಿಸುವ ತೊಂದರೆಯೇ ನಮ್ಮ ಮೇಜಿನ ಮೇಲೂ ಬರುವುದು ನನಗೆ ಈ ಹವ್ಯಾಸದ ಅತ್ಯಂತ ದೊಡ್ಡ ಸುಖ.

ಇನ್ನು ವೇಗ. ಗುರುತ್ವಾಕರ್ಷಣೆ ನಮ್ಮ ಅಳತೆಗೆ ತಕ್ಕಂತೆ ಕುಗ್ಗುವುದಿಲ್ಲ. ಮೂರು ಮೀಟರ್ ಎತ್ತರದಿಂದ ಬೀಳುವ ಕಲ್ಲಿದ್ದಲಿಗೆ ಮುಕ್ಕಾಲು ಸೆಕೆಂಡಿಗಿಂತ ತುಸು ಹೆಚ್ಚು ಹಿಡಿದರೆ, ಮಾದರಿಯಲ್ಲಿ ಅದು 0.08 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಬೀಳುವ ವೇಗವನ್ನು ನಾವು ಬದಲಿಸಲಾರೆವು, ಮಗುಚುವ ವೇಗವನ್ನು ಬದಲಿಸಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಎನ್20 ಎಂಬ ಪುಟ್ಟ ಗೇರ್ ಮೋಟಾರನ್ನು ನೇರವಾಗಿ ಜೋಡಿಸಿದರೆ, ನಿಮಿಷಕ್ಕೆ 10 ಸುತ್ತಿನದ್ದೇ ಆದರೂ, ಮಗುಚಲು ಬೇಕಾದ 150 ಡಿಗ್ರಿ ಎರಡೂವರೆ ಸೆಕೆಂಡಿನಲ್ಲಿ ಮುಗಿಯುತ್ತದೆ. ಅಷ್ಟು ಭಾರದ ಯಂತ್ರ ಹಾಗೆ ತಿರುಗುವುದುಂಟೇ? ಇನ್ನೊಂದು ಹಂತದ ಗೇರು ಹಾಕಿ ನಿಮಿಷಕ್ಕೆ ಒಂದು ಸುತ್ತಿಗೆ ಇಳಿಸಿ. ಆಗ 25 ಸೆಕೆಂಡು ಬೇಕಾಗುತ್ತದೆ, ಹರಳು ಅಂಚಿನಿಂದ ಸ್ವಲ್ಪಸ್ವಲ್ಪವಾಗಿ ಜಾರುತ್ತದೆ, ಕಣ್ಣು ನಂಬುತ್ತದೆ. ಆ ಹಂತಕ್ಕೆ ಹೊರೆಯ ಭಾರಕ್ಕೆ ಹಿಂದಕ್ಕೆ ತಿರುಗದ ವರ್ಮ್ ಗೇರ್ ಆದರೆ ಇನ್ನೂ ಒಳ್ಳೆಯದು. ಅರ್ಧ ಮಗುಚಿದಾಗ ಕರೆಂಟ್ ಹೋದರೂ ವ್ಯಾಗನ್ ಅಲ್ಲಿಯೇ ನಿಲ್ಲುತ್ತದೆ.

ಮಗುಚಿ ವಾಪಸ್ ಬಂದಾಗ ಟಿಪ್ಲರಿನ ಹಳಿ ಹೊರಗಿನ ಹಳಿಗೆ ಸರಿಯಾಗಿ ಕೂಡಬೇಕು. ಮೋಟಾರು ನಿಲ್ಲಿಸುವ ಬರೀ ಒಂದು ಮೈಕ್ರೋಸ್ವಿಚ್ ನೆಚ್ಚಿಕೊಂಡರೆ ಸಾಲದು. ಚಕ್ರದ ಅಂಚು ಒಂದು ಮಿಲಿಮೀಟರಿನಷ್ಟೂ ಆಳವಿಲ್ಲದಿರುವಾಗ ಅರ್ಧ ಮಿಲಿಮೀಟರ್ ವ್ಯತ್ಯಾಸವೇ ಗಾಡಿಯನ್ನು ಕೆಡವಲು ಸಾಕು. ಟಿಪ್ಲರಿನ ಮೇಜು ಬಂದು ತಾಗಿ ನಿಲ್ಲಲು ಒಂದು ಲೋಹದ ಅಡ್ಡತಡೆ ಕೊಡಿ, ಸ್ವಿಚ್ ಅದಾದ ಮೇಲಿನ ಮಾತು.

ಕೊನೆಯ ಪರೀಕ್ಷೆ ಇಡೀ ರೇಕಿನದು. ಬಾಕ್ಸ್‌ಎನ್ ರೇಕ್ ಎಂದರೆ 58ರ ಆಸುಪಾಸು ವ್ಯಾಗನ್. ಮನೆಯಲ್ಲಿ ಅಷ್ಟು ಯಾರ ಬಳಿಯೂ ಇರುವುದಿಲ್ಲ, ಇರುವ ಏಳೆಂಟನ್ನೇ ಮತ್ತೆಮತ್ತೆ ತುಂಬಿ ಕಳಿಸಿ. ಯಾವ ವ್ಯಾಗನ್ ಎಲ್ಲಿ ಸಿಕ್ಕಿಕೊಂಡಿತು ಎಂದು ಬರೆದಿಡಿ. ಪ್ರತಿ ಬಾರಿಯೂ ಒಂದೇ ವ್ಯಾಗನ್ ತೊಂದರೆ ಕೊಡುತ್ತಿದ್ದರೆ ತಪ್ಪು ಟಿಪ್ಲರಿನದಲ್ಲ, ವ್ಯಾಗನ್ನಿನದು. ಮುಗಿದ ಮೇಲೆ ಬಿಳಿ ಬಟ್ಟೆಯಿಂದ ಹಳಿ ಒರೆಸಿ ನೋಡಿ. ಬಟ್ಟೆ ಕಪ್ಪಾದರೆ ಪುಡಿ ಹಾರುತ್ತಿದೆ ಎಂದರ್ಥ. ಅದು ಚಕ್ರಕ್ಕೂ ಗೇರಿಗೂ ಸೇರುತ್ತದೆ. ಹರಳನ್ನು ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಜರಡಿ ಹಿಡಿದು ಮತ್ತೆ ಹಾಕಿ. ಬಟ್ಟೆ ಬೆಳ್ಳಗೆ ಉಳಿದ ಮೇಲೆ ಟಿಪ್ಲರನ್ನು ಲೇಔಟಿಗೆ ತನ್ನಿ, ಅಂಟಿನಿಂದಲ್ಲ, ನಾಲ್ಕು ಸ್ಕ್ರೂ ಹಾಕಿ ಕೂರಿಸಿ. ಮುಂದಿನ ಮಳೆಗಾಲಕ್ಕೆ ಅದನ್ನು ಬಿಚ್ಚಬೇಕಾಗಬಹುದು.