ಅಮ್ಮನ ತಲೆಸುತ್ತು, ಗೋಡೆಯ ಕ್ಯಾಲೆಂಡರು

ಈ ಗೋಡೆ ನೋಡಿ. ಸೊಂಟದ ಎತ್ತರಕ್ಕೆ ಒಂದು ಮಾಸಲು ಗೆರೆ ಕಾಣುತ್ತಿದೆ ಅಲ್ವಾ? ಅದು ಅಮ್ಮನ ಕೈ ಗುರುತು. ಎರಡು ತಿಂಗಳು ಅಮ್ಮ ಈ ಗೋಡೆ ಹಿಡಿದುಕೊಂಡೇ ಓಡಾಡಿದಳು.

ಒಂದು ಬೆಳಗ್ಗೆ ಬಲಮಗ್ಗುಲಿಗೆ ಹೊರಳಿದಾಗ ಶುರುವಾಯಿತು. ಇಡೀ ಕೋಣೆ ಗರಗರ ತಿರುಗಿತಂತೆ. ಒಂದು ನಿಮಿಷದೊಳಗೆ ನಿಂತಿತು. ಆಮೇಲೆ ಹೊರಳಿದಾಗಲೆಲ್ಲ ಅದೇ. ಎಲ್ಲರೂ ಪಿತ್ತ ಅಂದರು. ನಿಂಬೆ ಪಾನಕ, ಜೀರಿಗೆ ಕಷಾಯ ಆಯಿತು. ಬಿಪಿ, ಶುಗರ್ ಸರಿಯಾಗೇ ಇತ್ತು. ಮಾತ್ರೆಯಿಂದ ಮಂಪರು ಜಾಸ್ತಿಯಾಯಿತೇ ಹೊರತು ಸುತ್ತು ಹೋಗಲಿಲ್ಲ.

ಕೊನೆಗೆ ಇಎನ್‌ಟಿ ಡಾಕ್ಟರು ಅಮ್ಮನ ತಲೆಯನ್ನು ಬಲಕ್ಕೆ ತಿರುಗಿಸಿ, ಸರಕ್ಕನೆ ಹಿಂದಕ್ಕೆ ಮಲಗಿಸಿದರು. "ಕಣ್ಣು ಮುಚ್ಚಬೇಡಿ ಅಮ್ಮಾ" ಅಂದರು. ಮೊದಲು ಏನೂ ಆಗಲಿಲ್ಲ. ಕೆಲವು ಸೆಕೆಂಡು ಕಳೆದ ಮೇಲೆ ಕಣ್ಣುಗುಡ್ಡೆ ತಾನಾಗೇ ಪಟಪಟ ಅದುರತೊಡಗಿತು. ವಯಸ್ಸಾಯ್ತು ಅಂತ ಇಷ್ಟು ದಿನ ಸುಮ್ನೆ ಬಿಟ್ಟಿದ್ದೆನಲ್ಲ ಅಂತ ನನಗೆ ಹೊಟ್ಟೆ ಕಿವುಚಿದಂತಾಯಿತು.

ಇದರ ಹೆಸರು ಬಿಪಿಪಿವಿ. ಒಳಕಿವಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್‌ನ ಪುಟ್ಟ ಹರಳುಗಳಿರುತ್ತವೆ. ಅವು ಜಾಗ ಬಿಟ್ಟು ಪಕ್ಕದ ಬಾಗಿದ ಕೊಳವೆಗೆ ಜಾರಿದರೆ, ತಲೆ ಆಡಿಸಿದಾಗ ಅಲ್ಲಿನ ದ್ರವವನ್ನು ಕದಲಿಸುತ್ತವೆ. ಮೈ ತಿರುಗುತ್ತಿದೆ ಅಂತ ಕಿವಿ ಸುಳ್ಳು ಸುದ್ದಿ ಕಳಿಸುತ್ತದೆ. ಹರಳನ್ನು ವಾಪಸ್ ಕಳಿಸುವುದು ಮಾತ್ರೆಯ ಕೈಲಿ ಆಗಲ್ಲ. ತಲೆಯನ್ನು ಹಂತಹಂತವಾಗಿ ಹೊರಳಿಸಿಯೇ ಜಾರಿಸಬೇಕು. ಅಮೆರಿಕದ ಡಾಕ್ಟರ್ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ಈ ವಿಧಾನಕ್ಕೆ ಅವರದೇ ಹೆಸರಿದೆ. ಅಮ್ಮನಿಗೆ ಹತ್ತು ನಿಮಿಷವೂ ಹಿಡಿಯಲಿಲ್ಲ.

ಸುತ್ತು ಹೋಯಿತು, ಹೆದರಿಕೆ ಹೋಗಲಿಲ್ಲ. ಯಾರಾದರೂ ಕರೆದರೆ ಕತ್ತು ಬಿಗಿಹಿಡಿದು, ಇಡೀ ಮೈಯನ್ನೇ ತಿರುಗಿಸುತ್ತಿದ್ದಳು. ತಲೆ ಆಡಿಸುವುದನ್ನೇ ಬಿಟ್ಟರೆ ಬ್ಯಾಲೆನ್ಸ್ ಇನ್ನೂ ಕೆಡುತ್ತದೆ ಅಂದರು ಫಿಸಿಯೋಥೆರಪಿ ಮೇಡಂ. ಕ್ಯಾಲೆಂಡರಿನ ದಪ್ಪ ಅಂಕಿಯ ಮೇಲೆ ಕಣ್ಣು ನೆಟ್ಟು, ತಲೆ ಮಾತ್ರ ಎಡಕ್ಕೆ, ಬಲಕ್ಕೆ ಆಡಿಸಬೇಕು. ಅಂಕಿ ಮಸುಕಾಗಬಾರದು. ಮೊದಲು ಕುಳಿತು, ಆಮೇಲೆ ನಿಂತು. ಆಮೇಲೆ ಮಡಿಸಿದ ಜಮಖಾನೆಯ ಮೇಲೆ ನಿಂತು, ಹಿಂದೆ ನಾನು ಕಾವಲು. ಮೊದಲ ವಾರ ವಾಕರಿಕೆ ಬಂದು ಅಮ್ಮ ಅತ್ತುಬಿಟ್ಟಳು.

ಒಂದು ಮಾತು ದಯವಿಟ್ಟು ನೆನಪಿಡಿ. ಎಲ್ಲ ತಲೆಸುತ್ತೂ ಇದೇ ಅಲ್ಲ. ಜೊತೆಗೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಕೈಕಾಲು ಸೋತರೆ ತಡಮಾಡದೆ ಆಸ್ಪತ್ರೆಗೆ ಓಡಿ. ಪರೀಕ್ಷೆ ಮಾಡಿಸದೆ ವಿಡಿಯೋ ನೋಡಿಕೊಂಡು ತಲೆ ಹೊರಳಿಸಬೇಡಿ.

ಈ ವಿಡಿಯೋ ಇವತ್ತು ಬೆಳಗ್ಗೆ ತೆಗೆದದ್ದು. ಅಮ್ಮ ಟೆರೇಸಿನಲ್ಲಿ ಕತ್ತೆತ್ತಿ ಬಟ್ಟೆ ಹರವುತ್ತಿದ್ದಾಳೆ. ಹಿಂದಿನಿಂದ "ಅಮ್ಮಾ" ಅಂತ ಕರೆದೆ. ನೋಡಿ, ಕತ್ತು ಮಾತ್ರ ತಿರುಗಿಸಿದಳು.