ರಿಯಾಯಿತಿ ಆಮೇಲೆ, ಮೊದಲು ಸರ್ವರ್ ಆಫ್ ಮಾಡಿ

ಎಲ್ಲರಿಗೂ ನಮಸ್ಕಾರ.

ಕ್ಲೌಡ್ ಬಿಲ್, ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಪಡೆದ ಸರ್ವರ್‌ಗಳ ಬಿಲ್, ಜಾಸ್ತಿ ಬಂತು ಅಂದ ಕೂಡಲೇ ಬಹಳಷ್ಟು ಕಂಪನಿಗಳು ರಿಯಾಯಿತಿ ಹುಡುಕಲು ಹೊರಡುತ್ತವೆ. ಅಮೆಜಾನ್‌ನ ಕ್ಲೌಡ್ ಸೇವೆ ಎಡಬ್ಲ್ಯೂಎಸ್‌ನಲ್ಲಿ ಸೇವಿಂಗ್ಸ್ ಪ್ಲಾನ್ ತೆಗೆದುಕೊಂಡರೆ 72 ಪರ್ಸೆಂಟ್ ತನಕ ಕಡಿತ ಸಿಗಬಹುದು. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಅದಕ್ಕೆ ಗಂಟೆಗೆ ಇಷ್ಟು ಡಾಲರ್ ಖರ್ಚು ಮಾಡುತ್ತೇವೆ ಎಂದು ಒಂದು ಅಥವಾ ಮೂರು ವರ್ಷಕ್ಕೆ ಒಪ್ಪಿಕೊಳ್ಳಬೇಕು. ಬೇಡದ ಸರ್ವರ್‌ಗಳನ್ನೂ ಲೆಕ್ಕಕ್ಕೆ ಹಿಡಿದು ಒಪ್ಪಿಕೊಂಡರೆ, ಬಳಸಿದರೂ ಬಿಟ್ಟರೂ ದುಡ್ಡು ಕಟ್ಟಲೇಬೇಕು. ಅದಕ್ಕೇ ಹೇಳುತ್ತೇನೆ, ರಿಯಾಯಿತಿಯನ್ನು ಕೊನೆಗೆ ಇಟ್ಟುಕೊಳ್ಳಿ.

ಬರೀ ಆಫ್ ಮಾಡಿದರೆ ಎಷ್ಟು ಉಳಿಯುತ್ತದೆ ನೋಡಿ. ವಾರಕ್ಕೆ 168 ಗಂಟೆ. ಡೆವಲಪರ್‌ಗಳ ಟೆಸ್ಟ್ ಸರ್ವರ್ ಬೇಕಾಗುವುದು ದಿನಕ್ಕೆ 10 ಗಂಟೆಯಂತೆ ಐದು ದಿನ, ಅಂದರೆ 50 ಗಂಟೆ. ಉಳಿದ 118 ಗಂಟೆ ಅದು ಸುಮ್ನೆ ಓಡುತ್ತಿರುತ್ತದೆ. ನೂರಕ್ಕೆ 70 ಭಾಗ! ರಾತ್ರಿ ಆಫ್ ಮಾಡಿ ಬೆಳಗ್ಗೆ ಆನ್ ಮಾಡುವ ಸ್ಕ್ರಿಪ್ಟ್ ಬರೆಯುವುದು ದೊಡ್ಡ ಕೆಲಸವೇನಲ್ಲ.

ಆಫ್ ಮಾಡಿದರೆ ಬಿಲ್ ಸೊನ್ನೆ ಆಗುತ್ತದೆ ಅಂದುಕೊಳ್ಳಬೇಡಿ. ಆಟೋ ನಿಂತರೂ ವೇಟಿಂಗ್ ಚಾರ್ಜ್ ಏರುತ್ತದಲ್ಲ, ಹಾಗೆ ಸರ್ವರ್‌ಗೆ ಅಂಟಿಸಿದ ಡಿಸ್ಕ್‌ಗೆ ದುಡ್ಡು ಹೋಗುತ್ತಲೇ ಇರುತ್ತದೆ. ಸ್ನ್ಯಾಪ್‌ಶಾಟ್‌ಗಳಿಗೂ, ಅಂದರೆ ಡಿಸ್ಕ್‌ನ ಬ್ಯಾಕಪ್ ಪ್ರತಿಗಳಿಗೂ, ಅಷ್ಟೇ. 2024ರ ಫೆಬ್ರವರಿಯಿಂದ ಪ್ರತಿ ಪಬ್ಲಿಕ್ ಐಪಿವಿ4 ವಿಳಾಸಕ್ಕೂ (ಇಂಟರ್ನೆಟ್‌ನಲ್ಲಿ ಸರ್ವರ್ ಗುರುತಿಸುವ ನಂಬರ್) ಗಂಟೆಗೆ ಅರ್ಧ ಸೆಂಟ್ ಶುಲ್ಕವಿದೆ, ಬಳಸದೆ ಇಟ್ಟುಕೊಂಡಿದ್ದಕ್ಕೂ ಸೇರಿ. ಇನ್ನೊಂದು ತಮಾಷೆ ಕೇಳಿ. ಎಡಬ್ಲ್ಯೂಎಸ್‌ನ ಡೇಟಾಬೇಸ್ ಸೇವೆ ಆರ್‌ಡಿಎಸ್‌ನಲ್ಲಿ ಡೇಟಾಬೇಸ್ ನಿಲ್ಲಿಸಿದರೆ ಏಳು ದಿನದ ನಂತರ ಅದು ತಾನಾಗಿಯೇ ಮತ್ತೆ ಶುರುವಾಗುತ್ತದೆ. ನಿಲ್ಲಿಸಿ ಮರೆತವರಿಗೆ ಗೊತ್ತಾಗುವುದು ಬಿಲ್ ಬಂದಾಗಲೇ.

ಇದಕ್ಕಿಂತ ಕಣ್ಣಿಗೆ ಬೀಳದ ಸೋರಿಕೆ ನ್ಯಾಟ್ ಗೇಟ್‌ವೇ, ಅಂದರೆ ಇಂಟರ್ನೆಟ್‌ಗೆ ನೇರ ಸಂಪರ್ಕ ಇಲ್ಲದ ಒಳಗಿನ ಸರ್ವರ್‌ಗಳು ಹೊರಗೆ ಹೋಗುವ ಬಾಗಿಲು. ಆ ಸರ್ವರ್‌ಗಳು ಎಡಬ್ಲ್ಯೂಎಸ್‌ನ ಫೈಲ್ ಉಗ್ರಾಣ ಎಸ್3ಯಿಂದ ಫೈಲ್ ಓದುವಾಗ ಡೇಟಾ ಅದರ ಮೂಲಕ ಹಾದರೆ, ಪ್ರತಿ ಜಿಬಿಗೂ ಚಾರ್ಜ್ ಬೀಳುತ್ತದೆ. ಎಸ್3ಗೆ ಗೇಟ್‌ವೇ ಎಂಡ್‌ಪಾಯಿಂಟ್ ಎಂಬ ನೇರ ದಾರಿ ಹಾಕಿದರೆ ಅದೇ ಡೇಟಾ ನ್ಯಾಟ್ ಗೇಟ್‌ವೇ ಮುಟ್ಟದೆ ಹೋಗುತ್ತದೆ. ಆ ಎಂಡ್‌ಪಾಯಿಂಟ್‌ಗೆ ಚಾರ್ಜೇ ಇಲ್ಲ! ಇದನ್ನು ಅಕೌಂಟ್ಸ್‌ನವರು ಬಿಲ್ ನೋಡಿ ಹಿಡಿಯುತ್ತಾರಾ? ಸಾಧ್ಯವಿಲ್ಲ. ಸರ್ವರ್ ಆನ್ ಮಾಡಿದ ಎಂಜಿನಿಯರ್‌ಗೇ ತನ್ನ ತಂಡದ ಖರ್ಚು ಕಾಣಬೇಕು. ಅದಕ್ಕೆ ಯಾವ ತಂಡದ್ದು, ಯಾವ ಕೆಲಸದ್ದು ಎಂದು ಎಲ್ಲದಕ್ಕೂ ಟ್ಯಾಗ್, ಅಂದರೆ ಗುರುತಿನ ಚೀಟಿ, ಹಾಕಿ. ಬಜೆಟ್ ಅಲರ್ಟ್ ಕೂಡ ಇಡಿ. ಆದರೆ ಅದು ಬರೀ ಎಚ್ಚರಿಸುತ್ತದೆ. ನೀವಾಗಿ ವ್ಯವಸ್ಥೆ ಮಾಡದಿದ್ದರೆ ಏನನ್ನೂ ನಿಲ್ಲಿಸುವುದಿಲ್ಲ.

ಕ್ಲೌಡೇ ಬಿಟ್ಟುಬಿಡೋಣವೇ ಎಂದು ಕೆಲವರು ಕೇಳುತ್ತಾರೆ. ಅಮೆರಿಕದ ಸಾಫ್ಟ್‌ವೇರ್ ಕಂಪನಿ 37ಸಿಗ್ನಲ್ಸ್ 2022ರಲ್ಲಿ ಆ ನಿರ್ಧಾರ ಪ್ರಕಟಿಸಿ, ಸ್ವಂತ ಸರ್ವರ್ ಕೊಂಡಿತು. ಅವರ ಲೋಡ್, ಅಂದರೆ ಸರ್ವರ್‌ಗಳ ಮೇಲೆ ಬೀಳುವ ಕೆಲಸ, ಹೆಚ್ಚೂಕಡಿಮೆ ಒಂದೇ ಸಮ ಇತ್ತು, ಸರ್ವರ್ ನೋಡಿಕೊಳ್ಳಲು ಪಳಗಿದ ಜನ ಇದ್ದರು. ಹತ್ತು ಜನರ ಕಂಪನಿಗೆ ನಾನಂತೂ ಆ ಸಲಹೆ ಕೊಡುವುದಿಲ್ಲ.

ಇಷ್ಟೆಲ್ಲ ಮುಗಿಸಿ, ಸರ್ವರ್‌ಗಳ ಸೈಜ್ ಇಳಿಸಿದ ಮೇಲೆ ರಿಯಾಯಿತಿಗೆ ಬನ್ನಿ. ಮಧ್ಯರಾತ್ರಿಯಲ್ಲೂ ಇಳಿಯದ ಲೋಡ್ ಎಷ್ಟಿದೆ ನೋಡಿ, ಅಷ್ಟಕ್ಕೆ ಮಾತ್ರ ಒಪ್ಪಿಕೊಳ್ಳಿ, ಅದೂ ಮೊದಲ ಸಲ ಒಂದೇ ವರ್ಷಕ್ಕೆ. ದೀಪಾವಳಿ ಸೇಲ್‌ನ ಎರಡು ವಾರದ ರಶ್‌ಗೆ ಮಾಮೂಲಿ ದರವೇ ಸಾಕು.

ಈಗ ಪ್ರಶ್ನೆಗಳು. ಬಿಲ್ ಜೊತೆಗೆ ತಂದವರು ಮೊದಲು ಕೇಳಿ.